ಕಣ್ಣು ಕಮ್ಮಿ ಇರುವ ನಾನು, ನಮ್ಮನೆಯವರು, ಡಿಸ್ನಿ ವರ್ಲ್ಡ್‌ನಲ್ಲಿ ಐದು ದಿನ: ಕೇಳೋದಿದ್ದರೆ ಕೇಳಿ

ಟಿಳಕವಾಡಿ ವೈನಿ

ಎಲ್ಲರಿಗೂ ನಮಸ್ಕಾರ. ಕಣ್ಣಿನ ತೊಂದರೆ ಇರುವವರು ಥೀಮ್ ಪಾರ್ಕ್‌ಗೆ ಹೋದರೆ ದುಡ್ಡು ದಂಡ ಅಲ್ವಾ ಅಂತ ಹೋದ ವಾರ ಇಲ್ಲಿ ಯಾರೋ ಕೇಳಿದ್ದರು. ಆಗ ಎರಡು ಸಾಲು ಬರೆದು ಬಿಟ್ಟಿದ್ದೆ. ಇವತ್ತು ಪುರಸೊತ್ತಾಗಿದೆ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಕೂತು ಓದಿ.

ನನಗಿರುವುದು ಆರ್‌ಪಿ, ಅಂದರೆ ರೆಟಿನೈಟಿಸ್ ಪಿಗ್ಮೆಂಟೋಸಾ. ಮೊದಲು ಇರುಳುಗಣ್ಣು, ಆಮೇಲೆ ಅಕ್ಕಪಕ್ಕದ ನೋಟ ಕಮ್ಮಿ ಆಗುತ್ತ ಬರುತ್ತದೆ. ನಮ್ಮ ಅಪ್ಪ-ಅವ್ವ ಸೋದರಮಾವ, ಅಕ್ಕನ ಮಗಳು. ಹೀಗೆ ಸಂಬಂಧದೊಳಗೇ ಕೊಟ್ಟು ತಂದ ಮನೆಗಳಲ್ಲಿ ಈ ಕಾಯಿಲೆ ಜಾಸ್ತಿ. ಈಗ ನನಗೆ ನಡುವೆ ಒಂದು ಸಣ್ಣ ಕಿಂಡಿ ಉಳಿದಿದೆ. ಆ ಕಿಂಡಿಯೊಳಗೆ ಬಿದ್ದದ್ದು ಚೆನ್ನಾಗಿಯೇ ಕಾಣುತ್ತದೆ. ಮೊಬೈಲ್ ಓದುತ್ತೇನೆ, ಸೂಜಿಗೆ ದಾರ ಪೋಣಿಸುತ್ತೇನೆ, ಆದರೆ ಬಚ್ಚಲ ಮುಂದೆ ಬಿಟ್ಟ ಬಕೆಟ್ ಎಡವುತ್ತೇನೆ. ಇದನ್ನು ನೋಡಿಯೇ ಕೆಲವರು "ನಾಟಕ ಮಾಡ್ತಾಳ" ಅನ್ನುವುದು. ಇರಲಿ.

ನನ್ನ ಮೈದುನ ಅಮೆರಿಕದ ಟಾಂಪಾದಲ್ಲಿದ್ದಾನೆ. ಅಲ್ಲಿಂದ ಡಿಸ್ನಿ ವರ್ಲ್ಡ್ ಇರುವ ಆರ್ಲಾಂಡೋಗೆ ಕಾರಿನಲ್ಲಿ ಒಂದೂವರೆ ತಾಸು. ಜನವರಿಯಲ್ಲಿ ಅವರ ಮನೆಗೆ ಹೋದಾಗ "ಅಣ್ಣಾ, ವೈನಿ, ನೀವಿಬ್ಬರೇ ಐದು ದಿನ ಹೋಗಿ ಬರ್ರಿ, ನಾವು ಬರಾಂಗಿಲ್ಲ" ಅಂತ ಹೋಟೆಲ್ ಬುಕ್ ಮಾಡಿ, ಬಾಗಿಲಿಗೆ ಬಿಟ್ಟು ಹೋದ. ಮದುವೆಯಾಗಿ 26 ವರ್ಷ ಆಯ್ತು. ಮಕ್ಕಳು, ಅತ್ತೆ-ಮಾವ, ಯಾರಾದರೂ ಒಬ್ಬರು ಜೊತೆಗಿಲ್ಲದೆ ನಾವಿಬ್ಬರೇ ಎಲ್ಲಾದರೂ ಉಳಿದದ್ದು ಅದೇ ಮೊದಲು.

ಜಾಗ ಎಷ್ಟು ದೊಡ್ಡದು ಅಂದರೆ ಸುಮಾರು 25,000 ಎಕರೆ. ಶುರುವಾಗಿದ್ದು 1971ರಲ್ಲಿ. ನಾಲ್ಕು ಥೀಮ್ ಪಾರ್ಕ್, ಎರಡು ನೀರಿನ ಪಾರ್ಕ್, ಮೇಲೆ ಹತ್ತಾರು ಹೋಟೆಲ್. ನಾವು ಉಳಿದದ್ದು ಪಾಪ್ ಸೆಂಚುರಿ ಅನ್ನುವ ಹೋಟೆಲ್‌ನಲ್ಲಿ. ಅಲ್ಲಿಯ ಮಟ್ಟಿಗೆ ಅದು ಅಗ್ಗದ ಹೋಟೆಲ್. ಆದರೆ ನನಗೆ ಅದಕ್ಕಿಂತ ಚಲೋ ಜಾಗ ಸಿಗುತ್ತಿರಲಿಲ್ಲ. ಯಾಕೆ ಗೊತ್ತಾ? ಒಂದೊಂದು ಕಟ್ಟಡಕ್ಕೆ ಒಂದೊಂದು ದಶಕದ ಆಟಿಕೆಯನ್ನು ಮೂರು-ನಾಲ್ಕು ಅಂತಸ್ತು ಎತ್ತರಕ್ಕೆ ಮಾಡಿ ನಿಲ್ಲಿಸಿದ್ದಾರೆ. ಒಂದು ಕಡೆ ಬೌಲಿಂಗ್ ಪಿನ್, ಒಂದು ಕಡೆ ಯೋ-ಯೋ. ನಮ್ಮದು ರೂಬಿಕ್ ಕ್ಯೂಬ್. ಅದರ ಹೊಟ್ಟೆಯೊಳಗೇ ಮೆಟ್ಟಿಲು. ಕಿಂಡಿಯಲ್ಲಿ ಸಣ್ಣ ಬೋರ್ಡ್ ಹುಡುಕುವುದಕ್ಕಿಂತ, ಬಣ್ಣ ಬಣ್ಣದ ಇಷ್ಟು ದೊಡ್ಡ ಡಬ್ಬ ಕಂಡರೆ ಸಾಕು, ಮನೆ ಬಂತು. ಎರಡನೇ ದಿನವೇ ಒಬ್ಬಳೇ ಹೋಗಿ ಕಾಫಿ ತಂದೆ. ಕೋಣೆ ಬಾಗಿಲಲ್ಲಿ ನಂಬರು ಕೈಗೆ ಸಿಗುವ ಹಾಗೆ ಉಬ್ಬಾಗಿತ್ತು, ಕೆಳಗೆ ಬ್ರೈಲ್. ಅಮೆರಿಕದ ಹೋಟೆಲ್‌ಗಳಲ್ಲಿ ಇದು ಸಾಮಾನ್ಯ, ಅಂಗವಿಕಲರಿಗಾಗಿ ಅಲ್ಲಿ ಮಾಡಿದ 1990ರ ಎಡಿಎ ಕಾಯ್ದೆಯ ಪುಣ್ಯ. ಕೀಲಿಯ ಬದಲು ಕೈಗೆ ಕಟ್ಟಿಕೊಳ್ಳುವ ಪಟ್ಟಿ ಇದೆ, ಅದನ್ನು ಬಾಗಿಲಿಗೆ ಒತ್ತಿದರೆ ತೆಗೆಯುತ್ತದೆ, ಕೀಲಿ ತೂತು ಹುಡುಕುವ ಗೋಳಿಲ್ಲ.

ಮುಂದಿನದು ಊಟ ಮಾಡಿ ಬಂದು ಬರೆಯುತ್ತೇನೆ.

ನವನಗರ ಸೆಕ್ಟರ್

ವೈನಿ, ಚೆನ್ನಾಗಿದೆ, ಮುಂದುವರಿಸಿ. ನಮ್ಮ ತಾಯಿಗೆ ಗ್ಲಾಕೋಮಾ. ಬಾಗಲಕೋಟೆಯಿಂದ ಕೂಡಲಸಂಗಮಕ್ಕೆ ಕರೆದುಕೊಂಡು ಹೋದರೂ "ನನ್ನಿಂದ ನಿಮಗ ತ್ರಾಸ" ಅಂತಾರೆ. ನನ್ನದು ಎರಡು ಪ್ರಶ್ನೆ. ಖರ್ಚು ಎಷ್ಟಾಯ್ತು? ಕಣ್ಣಿನ ತೊಂದರೆ ಇದ್ದರೆ ಕ್ಯೂ ಬಿಟ್ಟು ಒಳಗೆ ಬಿಡ್ತಾರಾ?

ಗೋಕಾಕ ಕರದಂಟು

ತಪ್ಪು ತಿಳಿಯಬೇಡಿ ಅಕ್ಕಾರೆ. ಅಷ್ಟು ದುಡ್ಡು ಹಾಕಿ, ಸಮುದ್ರ ದಾಟಿ ಹೋಗಿ, ಅಲ್ಲಿ ಎಲ್ಲಾ ನೋಡುವ ಆಟವೇ ಅಲ್ವಾ? ಕಾಣದಿದ್ದ ಮೇಲೆ ಏನು ಸಿಗುತ್ತದೆ? ಸುಮ್ನೆ ಕೇಳಿದೆ.

ಜಮಖಂಡಿ ಮಾಸ್ತರ

ಕರದಂಟಿನವರೇ, ನಾನು ಹುಟ್ಟು ಕುರುಡ. ನಿಮ್ಮ ಊರಿನ ಕರದಂಟು ಕಣ್ಣು ಮುಚ್ಚಿ ತಿಂದರೆ ರುಚಿ ಕಮ್ಮಿ ಆಗುತ್ತಾ ಹೇಳಿ. ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ತೂಗುಸೇತುವೆ ಮೇಲೆ ನಿಂತಿದ್ದೇನೆ. ಕೆಳಗಿನ ಸಪ್ಪಳಕ್ಕೆ ಸೇತುವೆ ಹಲಗೆ ಕಾಲಡಿ ನಡುಗಿದ್ದು ನನಗೆ ಗೊತ್ತಾಯ್ತು, ಜೊತೆಗಿದ್ದವರು ಫೋಟೋ ತೆಗೆಯುವುದರಲ್ಲಿದ್ದರು.

ವೈನಿ, ನೀವು ಬರೆಯಿರಿ. ನಾನು ಮೊಬೈಲ್ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಕೇಳುತ್ತಿದ್ದೇನೆ. ರೂಬಿಕ್ ಕ್ಯೂಬನ್ನು ಅದು ಏನೋ ಬೇರೆ ಓದಿತು, ಎರಡು ಸಲ ಹಿಂದೆ ಹೋಗಿ ಕೇಳಿದೆ.

ಟಿಳಕವಾಡಿ ವೈನಿ

ಮಾಸ್ತರ, ನಕ್ಕು ನಕ್ಕು ಸಾಕಾಯ್ತು.

ಮೊದಲು ಕ್ಯೂ ವಿಷಯ. ಅಲ್ಲಿ ಡಿಎಎಸ್ ಅಂತ ಒಂದು ವ್ಯವಸ್ಥೆ ಇದೆ, ಸಾಲಿನಲ್ಲಿ ನಿಲ್ಲದೆ ಹೊತ್ತು ಗೊತ್ತು ಮಾಡಿಕೊಂಡು ಬರಬಹುದು. ಆದರೆ 2024ರಿಂದ ಅದು ಮುಖ್ಯವಾಗಿ ಆಟಿಸಂ ಥರದ ಬೆಳವಣಿಗೆಯ ತೊಂದರೆ ಇರುವವರಿಗೆ. ಕಣ್ಣಷ್ಟೇ ಕಾರಣ ಅಂತ ಹೇಳಿದರೆ ಸಿಗುತ್ತದೆ ಅಂದುಕೊಂಡು ಹೋಗಬೇಡಿ. ನನಗೂ ಬೇಕಿರಲಿಲ್ಲ ಅನ್ನಿ. ನನಗೆ ನಿಲ್ಲೋಕೆ ಕಾಲಿವೆ. ದುಡ್ಡು ಕೊಟ್ಟರೆ ಲೈಟ್ನಿಂಗ್ ಲೇನ್ ಅಂತ ಬೇರೆ ಸಾಲು ಯಾರಿಗಾದರೂ ಸಿಗುತ್ತದೆ, ಒಂದು ದಿನ ಮಾತ್ರ ತಗೊಂಡೆವು.

ಖರ್ಚು ಜಾಸ್ತಿಯೇ. ನಾವು ಹೋದಾಗ ಒಂದು ದಿನದ ಟಿಕೆಟ್ 119 ಡಾಲರಿಂದ ಶುರು ಇತ್ತು, ರಜೆಯ ದಿನಗಳಲ್ಲಿ ಇನ್ನೂ ಮೇಲೆ. ಹೊರಗಿನ ತಿಂಡಿ ಒಳಗೆ ಒಯ್ಯಲು ಬಿಡುತ್ತಾರೆ. ನಾನು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದೆ. ಚೀಲ ತಪಾಸಣೆ ಮಾಡುವ ಹುಡುಗ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಪಾರ್ಕ್ ನಡುವೆ ಕಟ್ಟಿದ ಕಥೆಯ ಕೋಟೆಯ ಮುಂದೆ ಕೂತು ರೊಟ್ಟಿ ಮುರಿದರೆ ಟಪ್ ಅಂತ ಸಪ್ಪಳ, ಪಕ್ಕದವರೆಲ್ಲ ತಿರುಗಿ ನೋಡುತ್ತಿದ್ದರಂತೆ. ನನಗೆ ಅದು ಕಾಣಲಿಲ್ಲ, ಅಷ್ಟರ ಮಟ್ಟಿಗೆ ಕಣ್ಣು ಕಮ್ಮಿ ಇರೋದೇ ಚಲೋ.

ಈಗ ಕರದಂಟಿನವರ ಪ್ರಶ್ನೆ. ಒಳಗೆ ಹೋದ ಕೂಡಲೇ ಗೆಸ್ಟ್ ರಿಲೇಷನ್ಸ್ ಅಂತ ಕಚೇರಿ ಇದೆ. ಅಲ್ಲಿ 25 ಡಾಲರ್ ಠೇವಣಿ ಇಟ್ಟರೆ ಒಂದು ಪುಟ್ಟ ಯಂತ್ರ ಕೊಡುತ್ತಾರೆ, ಅದೇ ದಿನ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ, ಕೆಲವು ಆಟಗಳ ಒಳಗೆ ಮಾತಿನ ನಡುವಿನ ಖಾಲಿ ಜಾಗದಲ್ಲಿ ಎದುರಿಗೆ ಏನಾಗುತ್ತಿದೆ ಅಂತ ಅದು ಹೇಳುತ್ತ ಹೋಗುತ್ತದೆ. ಹೊರಗೆ ನಡೆಯುವಾಗಲೂ ಅಷ್ಟೇ, ಹತ್ತಿರದ ಕಟ್ಟಡ ಹೇಗಿದೆ, ಆಟ ಎಲ್ಲಿದೆ, ತಿನ್ನೋಕೆ ಎಲ್ಲಿ ಸಿಗುತ್ತದೆ ಅಂತ ಕೇಳಬಹುದು. ಹೇಳುವುದು ಇಂಗ್ಲಿಷ್‌ನಲ್ಲಿ. ನಾನು ಬ್ಯಾಂಕ್ ನೌಕರಿ ಮಾಡಿದವಳು, ತೊಂದರೆ ಆಗಲಿಲ್ಲ. ಬ್ರೈಲ್ ಪುಸ್ತಕವೂ ಠೇವಣಿ ಮೇಲೆ ಸಿಗುತ್ತದೆ, ಕೈಯಿಂದ ಮುಟ್ಟಿ ಓದುವ ದೊಡ್ಡ ಬ್ರೈಲ್ ನಕಾಶೆಯನ್ನೂ ಪಾರ್ಕ್ ಒಳಗೆ ನಿಲ್ಲಿಸಿದ್ದಾರೆ. ನನಗೆ ಬ್ರೈಲ್ ಬರುವುದಿಲ್ಲ, ಸುಮ್ನೆ ಬೆರಳಾಡಿಸಿ ಬಂದೆ.

ಹಾಂಟೆಡ್ ಮ್ಯಾನ್ಶನ್ ಅಂತ ಒಂದು ದೆವ್ವದ ಬಂಗಲೆ. ಮೊದಲು ನಿಮ್ಮನ್ನೆಲ್ಲ ಎಂಟು ಮೂಲೆಯ ಒಂದು ಕೋಣೆಯೊಳಗೆ ತುಂಬಿ ಬಾಗಿಲು ಹಾಕುತ್ತಾರೆ. ಮಬ್ಬು ಬೆಳಕು. ನನಗೆ ಅದು ಪೂರ್ತಿ ಕತ್ತಲೆ, ಇವರ ಮೊಣಕೈ ಹಿಡಿದು ನಿಂತಿದ್ದೆ. ಕಿವಿಯಲ್ಲಿ ಯಂತ್ರ ಹೇಳುತ್ತಿದೆ, ಗೋಡೆಯ ಚಿತ್ರಪಟಗಳು ಕೆಳಕ್ಕೆ ಉದ್ದ ಆಗುತ್ತಿವೆ ಅಂತ. ಇವರು ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಮಿಂಚು ಹೊಡೆಯಿತು. ಯಂತ್ರ ಹೇಳಿದ್ದು ಕೇಳಿ ನಾನು ಇವರಿಗೆ "ಮ್ಯಾಲ ನೋಡ್ರಿ, ಲಗೂನ, ಸೂರಿನಾಗ ಒಬ್ಬಾಂವ ಜೋತಾಡಾಕತ್ಯಾನ" ಅಂದೆ. ಇವರು ಮೇಲೆ ನೋಡಿ "ಹೌದಲ್ಲೇ!" ಅಂತ ಕೂಗಿದರು.

26 ವರ್ಷದಲ್ಲಿ ಎಲ್ಲಿ ಹೋದರೂ ಇವರು ಹೇಳುವುದು, ನಾನು ಕೇಳುವುದು. ಮೆಟ್ಟಿಲು ಬಂತು, ಎಡಕ್ಕೆ ಕಂಬ, ಮುಂದೆ ಎಮ್ಮೆ. ಆವತ್ತು ನಾನು ಹೇಳಿದೆ, ಅವರು ನೋಡಿದರು. ಹೋದದ್ದಕ್ಕೆ ಏನು ಸಿಕ್ಕಿತು ಅಂದರೆ ಇದೇ ರೀ.

ಟಿಳಕವಾಡಿ ಯಜಮಾನ್ರು

ನಾನು ಇವಳ ಗಂಡ. ಖಾತೆ ಮಾಡಿಕೊಂಡದ್ದೇ ಇದಕ್ಕೆ. ನಾನು ಕೂಗಲಿಲ್ಲ, ಗಟ್ಟಿಯಾಗಿ ಹೇಳಿದೆ ಅಷ್ಟೇ.

ಇನ್ನೊಂದು ಅವಳು ಬರೆಯಲಿಲ್ಲ. ಆ ಯಂತ್ರ ಬಂದ ಮೇಲೆ ನನಗೆ ಕೆಲಸ ಕಮ್ಮಿ ಆಯ್ತು. ಮೊದಲನೇ ದಿನ ನಾನು ಹೇಳುತ್ತಲೇ ಇದ್ದೆ, ಅದು ಕೆಂಪು, ಇದು ಹಸಿರು, ಅಲ್ಲಿ ಇಲಿ ಬಂತು, ಇಲ್ಲಿ ಬಾತುಕೋಳಿ ಬಂತು. ಸಂಜೆಗೆ ಗಂಟಲು ಕಟ್ಟಿತ್ತು, ಮುಖದ ಮೇಲೆ ಸಿಟ್ಟು. ಅವಳಿಗೆ ಮುಖ ಕಾಣದಿದ್ದರೂ ದನಿಯಲ್ಲಿ ಗೊತ್ತಾಗುತ್ತದೆ. "ನಾಳೆ ನೀವು ಮಾತಾಡಬ್ಯಾಡ್ರಿ" ಅಂದಳು. ಬೇಜಾರಾಯ್ತು. ಮಾರನೇ ದಿನ ನೆಟ್ಟಗೆ ಆಟ ನೋಡಿದೆ, ಬೇಜಾರು ಹೋಯ್ತು. ಕಣ್ಣಿಲ್ಲದವರನ್ನು ಕರೆದುಕೊಂಡು ಹೋಗುವ ಗಂಡಂದಿರಿಗೆ ಹೇಳೋದು ಇಷ್ಟೇ, ಎಲ್ಲವನ್ನೂ ನೀವೇ ಹೇಳಬೇಕು ಅಂತ ಮೈಮೇಲೆ ಹಾಕಿಕೊಳ್ಳಬೇಡಿ.

ವಿಜಯಪುರದ ಹೊಸ ಸೊಸೆ

ಅಕ್ಕಾ, ಅಣ್ಣಾರ, ಓದಿ ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ನಮ್ಮದು ಮದುವೆಯಾಗಿ ಎಂಟು ತಿಂಗಳು. ನಮ್ಮನೆಯವರಿಗೆ ಒಂದು ಕಣ್ಣು ಪೂರ್ತಿ ಇಲ್ಲ, ಇನ್ನೊಂದರಲ್ಲಿ ಮಸುಕು. ಬಿಳಿಕೋಲು ಹಿಡಿಯುತ್ತಾರೆ. ಹೋದ ಸಲ ನಮ್ಮ ದೇಶದ್ದೇ ಒಂದು ಪಾರ್ಕ್‌ಗೆ ಹೋಗಿದ್ದೆವು, ಹೆಸರು ಬೇಡ. ಪೂರ್ತಿ ಟಿಕೆಟ್ ತಗೊಂಡರು. ಮೊದಲನೇ ಆಟಕ್ಕೆ ಮುಕ್ಕಾಲು ತಾಸು ಕ್ಯೂ ನಿಂತು ಮೇಲೆ ಹೋದರೆ, ಅಲ್ಲಿದ್ದ ಹುಡುಗ ಕೋಲು ನೋಡಿ "ಇವರಿಗೆ ಆಗೋದಿಲ್ಲ" ಅಂದ. ಯಾಕೆ ಅಂತ ಇವರು ಕೇಳಿದರೆ ಉತ್ತರ ಇವರಿಗಲ್ಲ, ನನಗೆ ಹೇಳುತ್ತಾನೆ! "ಮೇಡಂ, ಅವರಿಗೆ ಹೇಳಿ, ರಿಸ್ಕ್ ಆಗುತ್ತದೆ." ಇವರಿಗೆ ಕಿವಿ ಚೆನ್ನಾಗಿಯೇ ಇದೆ. ಕ್ಯೂನಲ್ಲಿದ್ದ ಎಲ್ಲರ ನಡುವೆ ಮತ್ತೆ ಅದೇ ದಾರಿಯಲ್ಲಿ ಕೆಳಗೆ ಇಳಿದು ಬಂದೆವು. ಇವರು ಆಮೇಲೆ ಒಂದು ಆಟಕ್ಕೂ ಬರಲಿಲ್ಲ, ಬೆಂಚಿನ ಮೇಲೆ ಕೂತು ನನ್ನ ಚೀಲ ಕಾದರು. ಆಟದಲ್ಲಿ ನಿಜವಾಗಿಯೂ ಅಪಾಯ ಇದ್ದರೆ ಟಿಕೆಟ್ ಕೊಡುವಾಗಲೇ ಹೇಳಬಹುದಿತ್ತು ಅಲ್ವಾ?

ಅಮೆರಿಕ ನಮ್ಮ ಕೈಗೆ ಎಟುಕುವುದಿಲ್ಲ. ಹತ್ತಿರದಲ್ಲಿ ಎಲ್ಲಿ ಹೋಗಬಹುದು?

ಜಮಖಂಡಿ ಮಾಸ್ತರ

ತಂಗಿ, "ಅವರಿಗೆ ಹೇಳಿ" ಅನ್ನೋದು ನನ್ನ ಇಡೀ ಜೀವನದ ಕಥೆ. ಹೋಟೆಲಿನಲ್ಲಿ "ಇವರಿಗೆ ಏನು ಬೇಕಂತೆ?" ಅಂತ ನನ್ನ ಹೆಂಡತಿಯನ್ನು ಕೇಳುತ್ತಾರೆ. ಅವಳು "ನನಗ ಹೆಂಗ ಗೊತ್ತು, ಅವರನ್ನ ಕೇಳ್ರಿ" ಅಂತಾಳೆ.

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಜನರಿಗೆ ಸೇವೆ ಕೊಡುವ ಖಾಸಗಿಯವರಿಗೂ ಅದು ಅನ್ವಯ. ಆದರೆ ಕ್ಯೂನಲ್ಲಿ ನಿಂತು ಕಾಯ್ದೆ ಓದಿದರೆ ಯಾರು ಕೇಳುತ್ತಾರೆ? ಹೋಗುವ ಮುಂಚೆ ಇ-ಮೇಲ್ ಬರೆದು, ಯಾವ ಆಟಕ್ಕೆ ಬಿಡುತ್ತೀರಿ, ಯಾವುದಕ್ಕೆ ಇಲ್ಲ ಅಂತ ಉತ್ತರ ತರಿಸಿಕೊಳ್ಳಿ. ಆ ಉತ್ತರ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಸರಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಜೇಬಿನಲ್ಲಿರಲಿ. ರೈಲಿನಲ್ಲಿ ಪೂರ್ತಿ ದೃಷ್ಟಿ ಇಲ್ಲದವರಿಗೆ ಸ್ಲೀಪರ್ ಮತ್ತು ಥ್ರೀ ಟಯರ್ ಎಸಿಯಲ್ಲಿ 75%, ಟೂ ಟಯರ್‌ನಲ್ಲಿ 50% ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ನಿಮ್ಮ ಯಜಮಾನ್ರಿಗೆ ಸ್ವಲ್ಪ ಕಾಣುತ್ತದೆ ಅಂದರೆ ಅದು ಸಿಗುವುದಿಲ್ಲ.

ನಾನು ಹೋದದ್ದರಲ್ಲಿ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ ನನಗೆ ಹಿಡಿಸಿತು. ಹೋಟೆಲ್ ಒಳಗೇ ಇವೆ. ಬಸ್ಸಿನಲ್ಲಿ ಕೂರಿಸಿಕೊಂಡು ಗೈಡ್ ಮೈಕಿನಲ್ಲಿ ಹೇಳುತ್ತ ಹೋಗುತ್ತಾನೆ, ಇದು ಸುಳ್ಳು ರೈಲ್ವೆ ಸ್ಟೇಷನ್, ಇದು ಸುಳ್ಳು ವಿಮಾನ ನಿಲ್ದಾಣ ಅಂತ. ಒಂದು ಸೆಟ್ಟಿನ ಕಂಬವನ್ನು ಬೆರಳಿನಿಂದ ಬಡಿದೆ. ಕಲ್ಲಿನ ಕಂಬ ಅಂತ ಎಲ್ಲರೂ ನೋಡುತ್ತಿದ್ದರು, ನನಗೆ ಡೊಳ್ಳಿನ ಸಪ್ಪಳ ಬಂತು.

ಮತ್ತೆ ಊರಲ್ಲೇ ಗೋಳಗುಮ್ಮಟ ಇಟ್ಟುಕೊಂಡು ನೀವು ನನ್ನನ್ನು ಕೇಳುತ್ತೀರಲ್ಲ! ಅದು ನಮ್ಮಂಥವರಿಗೇ ಕಟ್ಟಿದ ಹಾಗಿದೆ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಮೇಲಿನ ಪಡಸಾಲೆಯಲ್ಲಿ ಈ ಕಡೆ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಆ ಕಡೆ ಕಿವಿಯಲ್ಲೇ ಹೇಳಿದ ಹಾಗೆ ಕೇಳುತ್ತದೆ. ಒಂದು ಚಪ್ಪಾಳೆ ಹೊಡೆದರೆ ಏಳು ಸಲ, ಕೆಲವರು ಅದಕ್ಕೂ ಜಾಸ್ತಿ ಎಣಿಸುತ್ತಾರೆ. ಆದರೆ ಬೆಳಿಗ್ಗೆ ತೆಗೆದ ಕೂಡಲೇ ಹೋಗಿ. ಹತ್ತು ಗಂಟೆ ಆಯ್ತು ಅಂದರೆ ಪ್ರವಾಸದ ಹುಡುಗರು ಬಂದು ಹೋ ಅಂತ ಚೀರುತ್ತಾರೆ, ಆಮೇಲೆ ಏನೂ ಕೇಳುವುದಿಲ್ಲ. ಮೆಟ್ಟಿಲು ಇಕ್ಕಟ್ಟು, ಎತ್ತರ, ಒಳಗೆ ಕತ್ತಲು. ಕೋಲಿಗಿಂತ ಗೋಡೆಗೆ ಕೈ ಇಟ್ಟು ಹತ್ತುವುದು ಚಲೋ.

ಟಿಳಕವಾಡಿ ವೈನಿ

ತಂಗಿ, ನಿನ್ನ ಪೋಸ್ಟ್ ಓದಿ ನನಗೂ ಸಿಟ್ಟು ಬಂತು. ಬೆಂಚಿನ ಮೇಲೆ ಚೀಲ ಕಾಯುವ ಕೆಲಸ ನಾನೂ ವರ್ಷಗಟ್ಟಲೆ ಮಾಡಿದ್ದೇನೆ.

ಡಿಸ್ನಿಯಲ್ಲಿ ನಾನು ಕಲಿತ ಒಂದಿಷ್ಟು ಹೇಳುತ್ತೇನೆ, ಎಲ್ಲಿ ಹೋದರೂ ಬೇಕಾಗುತ್ತದೆ. ಅಲ್ಲಿ ಕೆಲವು ಆಟಗಳಲ್ಲಿ ಗಾಡಿ ನಿಲ್ಲುವುದೇ ಇಲ್ಲ. ಅದರ ಪಕ್ಕ ಚಲಿಸುವ ಪಟ್ಟಿ ಇರುತ್ತದೆ, ಅದರ ಮೇಲೆ ಕಾಲಿಟ್ಟು ನಡೆಯುತ್ತಲೇ ಕೂರಬೇಕು. ನನಗೆ ಅದೇ ಎದೆ ಡವಡವ. ಹತ್ತುವ ಜಾಗದಲ್ಲಿ ನಿಂತವರಿಗೆ ಮೊದಲೇ "ನನಗೆ ಕಣ್ಣು ಕಮ್ಮಿ, ನಿಧಾನ ಮಾಡಿ" ಅಂದರೆ ಪಟ್ಟಿ ನಿಧಾನ ಮಾಡುತ್ತಾರೆ, ಬೇಕಾದರೆ ನಿಲ್ಲಿಸುತ್ತಾರೆ. ಮೇಲೆ ತಂತಿಯ ಮೇಲೆ ಓಡುವ ಸ್ಕೈಲೈನರ್ ಡಬ್ಬಗಳಿವೆ, ನಮ್ಮ ಹೋಟೆಲಿಂದ ಎರಡು ಪಾರ್ಕ್‌ಗೆ ಅದೇ ದಾರಿ. ಅವೂ ಓಡುತ್ತಲೇ ಇರುತ್ತವೆ. ಆದರೆ ಗಾಲಿಕುರ್ಚಿಯವರಿಗೆ ಬೇರೆ ಕಡೆ ಡಬ್ಬ ಪೂರ್ತಿ ನಿಲ್ಲುತ್ತದೆ. ನಾನು ಅಲ್ಲಿ ಹತ್ತುತ್ತೇನೆ ಅಂತ ಕೇಳಿದೆ, ಬಿಟ್ಟರು. ಇಲ್ಲಿ 26 ವರ್ಷ ಬಾಯಿ ಮುಚ್ಚಿಕೊಂಡು ಇವರ ತೋಳು ಹಿಡಿದು ಸುಮ್ನೆ ಹಿಂದೆ ಹೋದವಳು, ಅಲ್ಲಿ ದಿನಕ್ಕೆ ಹತ್ತು ಸಲ "ನನಗೆ ಕಾಣುವುದಿಲ್ಲ" ಅಂದೆ. ಮೂರನೇ ಸಲಕ್ಕೆ ನಾಚಿಕೆ ಹೋಯ್ತು.

ಒಂದು ಮಾತ್ರ ಎಲ್ಲಾ ದೇಶದಲ್ಲೂ ಒಂದೇ. ದಾರಿ ಕೇಳಿದರೆ ಕೈ ತೋರಿಸುತ್ತಾರೆ. ಅಲ್ಲಿ ಎರಡು ಬೆರಳು ಸೇರಿಸಿ ತೋರಿಸುತ್ತಾರಂತೆ, ಅದು ಮರ್ಯಾದೆಯಂತೆ. ನನಗೆ ಒಂದು ಬೆರಳೂ ಕಾಣುವುದಿಲ್ಲ, ಎರಡೂ ಕಾಣುವುದಿಲ್ಲ. ನಮ್ಮಲ್ಲಿ "ಅಲ್ಲೇ ಐತಲ್ರೀ" ಅಂತಾರೆ, ಅಲ್ಲಿ "ರೈಟ್ ದೇರ್" ಅಂತಾರೆ.

ಸ್ಪೇಸ್ ಮೌಂಟನ್ ಬಗ್ಗೆ ಹೇಳಲೇಬೇಕು. 1975ರಿಂದ ಓಡುತ್ತಿದೆ. ಪೂರ್ತಿ ಕತ್ತಲೆಯೊಳಗಿನ ರೋಲರ್ ಕೋಸ್ಟರ್. ವೇಗ ನೋಡಿದರೆ ಗಂಟೆಗೆ 45 ಕಿಲೋಮೀಟರ್ ಅಷ್ಟೇ, ನಮ್ಮ ಸವದತ್ತಿ ಬಸ್ಸು ಅದಕ್ಕಿಂತ ಜೋರು. ಆದರೆ ಮುಂದೆ ತಿರುವಿದೆಯೋ ಇಳಿಜಾರಿದೆಯೋ ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಕೂರಬೇಕು, ಕೈ ಹಿಡಿಯೋಕೆ ಆಗುವುದಿಲ್ಲ. ನಾನು ಮುಂದೆ, ಇವರು ಹಿಂದೆ. ನನಗೆ ದಿನಾ ಸಂಜೆ ಏಳಾದ ಮೇಲೆ ಹೀಗೇ ಇರುತ್ತದೆ, ಮೈ ಸಡಿಲ ಬಿಟ್ಟು ಕೂತೆ. ಹಿಂದಿನಿಂದ ಮಾತ್ರ "ಯವ್ವಾ ಎಲ್ಲಮ್ಮಾ, ಉಧೋ ಉಧೋ" ಅಂತ ಕೇಳುತ್ತಿತ್ತು. ಅದನ್ನೂ ಗಟ್ಟಿಯಾಗಿ ಹೇಳಿದ್ದು ಅಂತಾರೇನೋ ಕೇಳಿ.

ತ್ರಾಸ ಆದದ್ದು ಹೊರಗೆ ಬಂದ ಮೇಲೆ. ಕತ್ತಲಿಂದ ಒಮ್ಮೆಲೇ ಬಿಸಿಲಿಗೆ ಬಂದರೆ ನನಗೆ ಐದಾರು ನಿಮಿಷ ಎಲ್ಲಾ ಹಾಲು ಹಾಲು. ಬಾಗಿಲ ಪಕ್ಕ ಗೋಡೆಗೆ ಒರಗಿ ನಿಲ್ಲುವುದು, ಕಪ್ಪು ಕನ್ನಡಕ ಹಾಕಿಕೊಳ್ಳುವುದು, ಆಮೇಲೆ ಹೆಜ್ಜೆ. ಅವಸರ ಮಾಡಿದ ದಿನ ಒಂದು ಮಗುವಿನ ತಳ್ಳುಗಾಡಿಗೆ ಡಿಕ್ಕಿ ಹೊಡೆದೆ.

ಎಪ್ಕಾಟ್ ಅನ್ನುವ ಇನ್ನೊಂದು ಪಾರ್ಕ್‌ನಲ್ಲಿ ದೋಣಿಯಲ್ಲಿ ಕೂರಿಸಿ ತರಕಾರಿ ಬೆಳೆಯುವ ಗಾಜಿನಮನೆ ತೋರಿಸುತ್ತಾರೆ. ಅದರಲ್ಲಿ ಧ್ವನಿಯಲ್ಲೇ ಎಲ್ಲಾ ವಿವರ ಇದೆ, ಯಂತ್ರವೇ ಬೇಡ. ಸೋರಿನ್ ಅನ್ನುವ ಆಟದಲ್ಲಿ ಹಾರುವಾಗ ಗಾಳಿ, ಹುಲ್ಲಿನ ವಾಸನೆ, ಸಮುದ್ರದ ವಾಸನೆ. ಅದಕ್ಕೆ ಎರಡು ಸಲ ಹೋದೆವು.

ನವನಗರ ಸೆಕ್ಟರ್

ವೈನಿ, ಇರುಳುಗಣ್ಣು ಅಂದಿರಲ್ಲ, ಸಿಡಿಮದ್ದು ಹೇಗೆ ನೋಡಿದಿರಿ? ಅದೇ ಅಲ್ಲಿ ದೊಡ್ಡದು ಅಂತಾರೆ.

ಟಿಳಕವಾಡಿ ವೈನಿ

ಒಳ್ಳೇ ಪ್ರಶ್ನೆ. ಮೊದಲನೇ ರಾತ್ರಿ ಎಲ್ಲರ ಹಾಗೆ ಕೋಟೆಯ ಹತ್ತಿರ ಜಾಗ ಹಿಡಿದೆವು. ಎರಡು ತಾಸು ನೆಲದ ಮೇಲೆ ಕೂತು ಕಾದೆವು. ಶುರುವಾದರೆ ನನಗೆ ಏನೂ ಸಿಗಲಿಲ್ಲ. ಕಿಂಡಿಯೊಳಗೆ ಕೋಟೆಯ ಒಂದು ಕಿಟಕಿ ಅಷ್ಟೇ ಹಿಡಿಸುತ್ತಿತ್ತು. ಸಿಡಿಮದ್ದು ಮೇಲೆ, ಬಲಕ್ಕೆ, ಎಡಕ್ಕೆ. ತಲೆ ತಿರುಗಿಸುವಷ್ಟರಲ್ಲಿ ಆರಿ ಹೋಗಿರುತ್ತಿತ್ತು. ಬರೀ ಢಂ ಢಂ. ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಹೋಟೆಲಿನಲ್ಲಿ ಕೂತು ಯೋಚನೆ ಮಾಡಿದೆ. ಹತ್ತಿರ ನಿಂತರೆ ಕಿಂಡಿಯಲ್ಲಿ ಒಂದು ಚೂರು. ದೂರ ಹೋದಷ್ಟೂ ಅದೇ ಕಿಂಡಿಯಲ್ಲಿ ಜಾಸ್ತಿ ಹಿಡಿಸುತ್ತದೆ ಅಲ್ವಾ? ಇಷ್ಟು ವರ್ಷ ಟಿವಿಯನ್ನೂ ಹಿಂದೆ ಸರಿದು ಕೂತು ನೋಡುವವಳಿಗೆ ಇದು ಹೊಳೆಯಲಿಲ್ಲ ನೋಡಿ. ನಾಲ್ಕನೇ ರಾತ್ರಿ ಎಲ್ಲರೂ ಕೋಟೆ ಕಡೆ ನುಗ್ಗುವಾಗ ನಾವು ಉಲ್ಟಾ ನಡೆದು ಕೋಟೆಗೆ ಹೋಗುವ ಮೇನ್ ಸ್ಟ್ರೀಟ್ ಬೀದಿಯ ಹೆಬ್ಬಾಗಿಲ ಕಡೆಯ ತುದಿಗೆ, ಹಳೇ ಕಾಲದ ರೈಲು ಸ್ಟೇಷನ್ ಹತ್ತಿರ ಬಂದೆವು. ಗೋಡೆಗೆ ಬೆನ್ನು ಕೊಟ್ಟು ನಿಂತೆ. ಇಡೀ ಕೋಟೆ ಒಂದು ಹೆಬ್ಬೆರಳಿನಷ್ಟು, ಮೇಲಿನ ಆಕಾಶವೂ ಸೇರಿ ಕಿಂಡಿಯೊಳಗೆ ಕೂತಿತು. ಬಂಗಾರದ ಬಣ್ಣದ್ದೊಂದು ಮೇಲೆ ಹೋಗಿ ಬಿಚ್ಚಿಕೊಂಡು, ನಮ್ಮ ಕಡೆ ಮದುವೆಯಲ್ಲಿ ಅಕ್ಕಿಕಾಳು ಎರಚಿದ ಹಾಗೆ ನಿಧಾನ ಕೆಳಗೆ ಬಂತು, ಪೂರ್ತಿ ನೋಡಿದೆ.

ಜನವರಿಗೆ ಹೋಗುವವರು ಒಂದು ನೆನಪಿಡಿ. ಗದ್ದಲ ಕಮ್ಮಿ, ತಂಪು, ಎಲ್ಲಾ ಸರಿ, ಆದರೆ ಆರು ಗಂಟೆ ಸುಮಾರಿಗೇ ಹೊತ್ತು ಮುಳುಗುತ್ತದೆ. ಇರುಳುಗಣ್ಣಿನವರಿಗೆ ಅಷ್ಟು ದಿನ ಕಮ್ಮಿ ಆದ ಹಾಗೆ. ಕೈಯಲ್ಲಿ ಬ್ಯಾಟರಿ ಇರಲಿ, ಮೊಬೈಲಿನದು ಸಾಲದು.

ಗೋಕಾಕ ಕರದಂಟು

ಅಕ್ಕಾರೆ, ನಾನು ಕೇಳಿದ ರೀತಿ ಸರಿ ಇರಲಿಲ್ಲ. ಮಾಸ್ತರ, ನಮ್ಮ ಊರಿಗೆ ಬಂದರೆ ಹೇಳಿ, ಕರದಂಟು ನನ್ನ ಕಡೆಯಿಂದ.

ಜಮಖಂಡಿ ಮಾಸ್ತರ

ಒಂದು ಕೇಜಿ. ಅಂಟು ಜಾಸ್ತಿ ಇರಬೇಕು. ಎಲ್ಲರೂ ಓದಿದ್ದಾರೆ, ಈಗ ಜಾರಿಕೊಳ್ಳೋಕೆ ಆಗುವುದಿಲ್ಲ.

ವಿಜಯಪುರದ ಹೊಸ ಸೊಸೆ

ಭಾನುವಾರ ಬೆಳಿಗ್ಗೆ ಗೋಳಗುಮ್ಮಟಕ್ಕೆ ಹೋಗಿ ಬಂದೆವು! ಇದೇ ಊರಲ್ಲಿದ್ದು ನಾನು ಮೇಲೆ ಹತ್ತಿದ್ದು ಶಾಲೆಯಲ್ಲಿದ್ದಾಗ ಒಂದೇ ಸಲ. ಮಾಸ್ತರ ಹೇಳಿದ ಹಾಗೆ ಇವರು ಕೋಲು ಮಡಚಿ ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದು ಹತ್ತಿದರು. ನನಗಿಂತ ಮೊದಲೇ ಮೇಲೆ ಹೋದರು. ಕತ್ತಲಲ್ಲಿ ನಾನೇ ತಡಕಾಡುತ್ತಿದ್ದೆ. ಮೇಲೆ ನಮ್ಮನ್ನು ಬಿಟ್ಟರೆ ಪಾರಿವಾಳಗಳು. ಇವರನ್ನು ಒಂದು ಕಡೆ ಕೂರಿಸಿ ನಾನು ಸುತ್ತಿ ಎದುರಿನ ಗೋಡೆಗೆ ಹೋಗಿ ಕಿವಿ ಇಟ್ಟೆ. ಎಂಟು ತಿಂಗಳ ಮದುವೆ, ಏನಾದರೂ ಚೆಂದದ ಮಾತು ಹೇಳುತ್ತಾರೆ ಅಂತ ಕಾದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯೊಳಗಿಂದ ಸ್ಪಷ್ಟವಾಗಿ ಬಂತು: "ಹಸಿವಾಗೇತಿ. ನಾಷ್ಟಾ ಎಲ್ಲಿ ಮಾಡೂಣು?"

ಟಿಳಕವಾಡಿ ಯಜಮಾನ್ರು

ನಿಮ್ಮ ಯಜಮಾನ್ರು ನನಗೆ ಹಿಡಿಸಿದರು.

ಟಿಳಕವಾಡಿ ವೈನಿ

ಎಲ್ಲಿ ಮಾಡಿದಿರಿ ತಂಗಿ? ಮುಂದಿನ ತಿಂಗಳು ನಾವು ಬರೋದಿದೆ.